ಮಾತಾಡದ ಹನ್ನೊಂದು ನಂಬರುಗಳು

ಆಂಟಾಪ್ ಹಿಲ್, ಮುಂಬಯಿ
4 ಆಗಸ್ಟ್ 2025

ಶೀತಲ ಅವರಿಗೆ,

ನಮಸ್ಕಾರ. ನನ್ನ ಹೆಸರು ಭೀಮರಾಯ. ನಿಮ್ಮ ತಾಯಿ ಗಂಗುಬಾಯಿಯವರೂ ನನ್ನ ಅಕ್ಕನೂ ಒಂದೇ ಭಜನಾ ಮಂಡಳಿಯವರು. ನೀವು ಸಾಂತಾಕ್ರೂಜಿನ ಮಾರ್ಕೆಟಿಂಗ್ ಕಂಪನಿಯೊಂದರಲ್ಲಿ ವೆಬ್ ಪುಟಗಳ ವಿನ್ಯಾಸ ಮಾಡುತ್ತೀರಿ, ಕನ್ನಡವೂ ಬರುತ್ತದೆ ಎಂದು ಅವರಿಂದಲೇ ತಿಳಿಯಿತು.

ನಾನು ಸಾಯನ್ನಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹಗಲೆಲ್ಲ ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತೇನೆ. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿನ ಶಾಲೆಯ ಒಂದು ತರಗತಿಯಲ್ಲಿ ‘ನಿಧಾನ’ ಎಂಬ ಸಣ್ಣ ಬಳಗ ನಡೆಸುತ್ತಿದ್ದೇನೆ. ಮಾತಾಡಲು ಹಿಂಜರಿಯುವವರು ಅಲ್ಲಿಗೆ ಬಂದು ಮಾತಾಡುತ್ತಾರೆ, ಅಷ್ಟೇ. ಒಂದು ಕಾಲಕ್ಕೆ ಒಂಬತ್ತು ಮಂದಿ ಇದ್ದೆವು. ಈಗ ಮೂವರು. ಕೆಲವು ಭಾನುವಾರ ನಾನು ಮತ್ತು ಖಂಡಪ್ಪ ಎಂಬವರು, ಇಬ್ಬರೇ. ದೀಪಾವಳಿಯೊಳಗೆ ಹೊಸಬರು ಯಾರೂ ಬಾರದಿದ್ದರೆ ತರಗತಿಯ ಕೀಲಿಯನ್ನು ಶಾಲೆಗೆ ಮರಳಿಸಬೇಕೆಂದಿದ್ದೇನೆ.

ಅದಕ್ಕೆ ಮುಂಚೆ ಒಂದು ಪ್ರಯತ್ನ. ಪ್ರತಿ ಗುರುವಾರ ಒಂದು ಪುಟದ ಪತ್ರ ಬರೆದು ಇಮೇಲಿನಲ್ಲಿ ಕಳಿಸುವ ಆಸೆ ಇದೆ. ಬೇಕೆನಿಸಿದವರು ತಮ್ಮ ವಿಳಾಸ ಕೊಟ್ಟು ಸೇರಿಕೊಳ್ಳುವಂಥ ಒಂದು ಪುಟ ಮಾಡಿಕೊಡಬಲ್ಲಿರಾ? ಪತ್ರ ಓದುತ್ತ ಓದುತ್ತ ಧೈರ್ಯ ಬಂದವರು ಭಾನುವಾರ ಬರಲಿ ಎಂಬುದು ನನ್ನ ಲೆಕ್ಕಾಚಾರ.

ದಯವಿಟ್ಟು ಬರೆದೇ ಉತ್ತರಿಸಿ.

ವಿಶ್ವಾಸದ,
ಭೀಮರಾಯ


ಸಾಂತಾಕ್ರೂಜ್
8 ಆಗಸ್ಟ್ 2025

ನಮಸ್ಕಾರ ಸರ್,

ಪೇಜ್ ಮಾಡಿಕೊಡುತ್ತೇನೆ. ನಮ್ಮ ಬಾಸ್ ಸುಕೇಶ್ ಆಫೀಸಿನ ಸಾಫ್ಟ್‌ವೇರ್ ಬಳಸಲು ಒಪ್ಪಿದ್ದಾರೆ.

ಮೊದಲ ಡಿಸೈನ್ ಜೊತೆಗಿದೆ. ಮೇಲೆ ಮೈಕ್ ಹಿಡಿದ ಯುವಕನ ಫೋಟೋ. ಹೆಡ್‌ಲೈನ್: ‘ವೇದಿಕೆ ನಿಮ್ಮದು! ಆರೇ ವಾರದಲ್ಲಿ ಭರ್ಜರಿ ಭಾಷಣಕಾರರಾಗಿ.’ ಕೆಳಗೆ ಮೂರು ಬಾಕ್ಸ್: ಹೆಸರು, ಇಮೇಲ್, ಫೋನ್ ನಂಬರ್. ಅದರ ಕೆಳಗೆ ಕೇಸರಿ ಬಟನ್, ‘ಈಗಲೇ ಸೇರಿ.’ ಇಂಥ ಪೇಜನ್ನು ಜನ ಐದು ಸೆಕೆಂಡ್ ನೋಡುತ್ತಾರೆ. ಅಷ್ಟರಲ್ಲಿ ತಮಗೆ ಏನು ಸಿಗುತ್ತದೆಂದು ಗೊತ್ತಾಗಬೇಕು. ಮೆನು, ಬೇರೆ ಲಿಂಕ್ ಏನೂ ಇಟ್ಟಿಲ್ಲ. ಒಂದು ಪೇಜ್, ಒಂದೇ ಕೆಲಸ.

ನಿಮ್ಮದೊಂದು ಮೂವತ್ತು ಸೆಕೆಂಡಿನ ವಿಡಿಯೋ ಬೇಕು. ನಡೆಸುವವರ ಮುಖ, ದನಿ ಇದ್ದರೆ ಜನ ನಂಬುತ್ತಾರೆ.

ನಿನ್ನೆ ಅಮ್ಮನಿಂದ ನಂಬರ್ ಪಡೆದು ಫೋನ್ ಮಾಡಿದ್ದೆ. ಎತ್ತಿದಿರಿ, ಆಮೇಲೆ ಕಟ್ ಆಯಿತು.

ಶೀತಲ


ಆಂಟಾಪ್ ಹಿಲ್
9 ಆಗಸ್ಟ್ 2025

ಶೀತಲ ಅವರಿಗೆ,

ಇಷ್ಟು ಬೇಗ ಕೆಲಸ ಶುರು ಮಾಡಿದ್ದಕ್ಕೆ ಕೃತಜ್ಞ. ಸರಿಯಾದ ಪದ ಬರೆಯದೆ ನಿಮ್ಮನ್ನು ದಾರಿ ತಪ್ಪಿಸಿದ ತಪ್ಪು ನನ್ನದು. ನಮ್ಮ ಬಳಗಕ್ಕೆ ಯಾರೂ ಭಾಷಣ ಕಲಿಯಲು ಬರುವುದಿಲ್ಲ. ಅವರು ಉಗ್ಗುವವರು.

ಖಂಡಪ್ಪನವರನ್ನೇ ನೋಡಿ. ಕಟ್ಟಡದ ಸೈಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಮಸಾಲೆ ದೋಸೆ ಎನ್ನಲು ಹೋದರೆ ‘ಮ’ದ ಹತ್ತಿರವೇ ಮಾತು ನಿಂತುಬಿಡುತ್ತದೆಂದು ಹತ್ತು ವರ್ಷದಿಂದ ಇಡ್ಲಿ ತಿನ್ನುತ್ತಿದ್ದಾರೆ. ಇಡ್ಲಿ ಅವರಿಗೆ ಸೇರುವುದೇ ಇಲ್ಲ. ಅಂಥವರು ಮೈಕ್ ಹಿಡಿದ ಯುವಕನನ್ನು ಕಂಡರೆ ಪುಟವನ್ನು ಅಲ್ಲೇ ಮುಚ್ಚುತ್ತಾರೆ.

ಆರು ವಾರದ ಮಾತನ್ನೂ ತೆಗೆಯಿರಿ. ಆರು ವಾರದಲ್ಲಿ ಏನೂ ಆಗುವುದಿಲ್ಲ. ಹಾಗೆಯೇ ಫೋನ್ ನಂಬರಿನ ಬಾಕ್ಸ್ ಖಂಡಿತ ಬೇಡ. ಬಟನ್ ಮೇಲೆ ‘ನನಗೂ ಬರೆಯಿರಿ’ ಎಂದಿದ್ದರೆ ಹೇಗೆ?

ವಿಡಿಯೋ ಆಗದು, ನನಗೆ ಕ್ಯಾಮೆರಾ ಅಭ್ಯಾಸವಿಲ್ಲ. ಮೊನ್ನೆ ಲ್ಯಾಬಿನಲ್ಲಿ ನೆಟ್‌ವರ್ಕ್ ಸರಿ ಇರಲಿಲ್ಲ, ಕ್ಷಮಿಸಿ.

ಭೀಮರಾಯ


ಸಾಂತಾಕ್ರೂಜ್
14 ಆಗಸ್ಟ್ 2025

ನಮಸ್ಕಾರ ಸರ್,

ಫೋಟೋ ತೆಗೆದೆ. ಹೆಡ್‌ಲೈನ್ ಈಗ ‘ಉಗ್ಗು ಇದೆಯೇ? ಪ್ರತಿ ಗುರುವಾರ ನಿಮಗೊಂದು ಪತ್ರ.’ ಬಟನ್ ನೀವು ಹೇಳಿದಂತೆಯೇ ಇದೆ. ಅದು ಚೆನ್ನಾಗಿದೆ.

ಫೋನ್ ನಂಬರ್ ಯಾಕೆ ಬೇಡ ಎಂದು ನೀವು ಹೇಳಲಿಲ್ಲ. ಬರೀ ಇಮೇಲ್ ಕೊಟ್ಟವರು ಮರೆತುಬಿಡುತ್ತಾರೆ, ಐದು ನಿಮಿಷದೊಳಗೆ ನಾವೇ ಫೋನ್ ಮಾಡಿದರೆ ಬರುತ್ತಾರೆ ಎನ್ನುತ್ತಾರೆ ಸುಕೇಶ್ ಸರ್. ಅವರಿಗೆ ಹದಿನೈದು ವರ್ಷದ ಅನುಭವ. ಇರಲಿ. ಈ ಲಿಂಕ್ ಒತ್ತಿ ನೋಡಿ, ನಿಮಗೆ ಬಾಕ್ಸ್ ಕಾಣುವುದಿಲ್ಲ.

ನಾಳೆಯಿಂದ ಪೇಜ್ ಲೈವ್. ಮುಂಬಯಿಯ ಕನ್ನಡ ವಾಟ್ಸಾಪ್ ಗ್ರೂಪುಗಳಿಗೆಲ್ಲ ಅಮ್ಮ ಲಿಂಕ್ ಹಾಕುತ್ತಾಳೆ. ಅವಳು ಇಪ್ಪತ್ತೆರಡು ಗ್ರೂಪಿನಲ್ಲಿದ್ದಾಳೆ.

ಶೀತಲ


ಆಂಟಾಪ್ ಹಿಲ್
29 ಆಗಸ್ಟ್ 2025

ಶೀತಲ ಅವರಿಗೆ,

ಎರಡು ಗುರುವಾರದ ಪತ್ರಗಳು ಹೋದವು. ನಿನ್ನೆಯದು ಇಪ್ಪತ್ತಾರು ಮಂದಿಗೆ ತಲುಪಿತು. ನಮ್ಮಲ್ಲಿ ಇರುವ ಒಂದೇ ನಿಯಮದ ಬಗ್ಗೆ ಅದರಲ್ಲಿ ಬರೆದಿದ್ದೆ: ಯಾರು ಎಷ್ಟು ಹೊತ್ತು ತೆಗೆದುಕೊಂಡರೂ ಅವರ ಮಾತನ್ನು ಬೇರೆಯವರು ಮುಗಿಸಬಾರದು. ಇಪ್ಪತ್ತಾರು ಜನ ಓದುತ್ತಾರೆಂದು ಒಂದೊಂದು ವಾಕ್ಯವನ್ನೂ ಎರಡೆರಡು ಸಲ ತಿದ್ದಿದೆ. ಭಾನುವಾರಕ್ಕೆ ಮಾತ್ರ ಇನ್ನೂ ಯಾರೂ ಬಂದಿಲ್ಲ.

ಎರಡು ವಾರದಿಂದ ನಿಮ್ಮ ಸುದ್ದಿ ಇಲ್ಲ. ನಿಮ್ಮ ಪತ್ರಗಳು ಚಿಕ್ಕವು. ಓದುವಾಗ ನಿಮಗೆ ತೊಂದರೆ ಕೊಡುತ್ತಿದ್ದೇನೇನೋ ಅನಿಸುತ್ತದೆ. ಹಾಗಿದ್ದರೆ ಹೇಳಿಬಿಡಿ. ಬೇಸರವಿಲ್ಲ.

ಭೀಮರಾಯ


ಸಾಂತಾಕ್ರೂಜ್
2 ಸೆಪ್ಟೆಂಬರ್ 2025

ನಮಸ್ಕಾರ ಸರ್,

ಗಣಪತಿ ಹಬ್ಬದ ಜಾಹೀರಾತುಗಳ ಕೆಲಸ ತುಂಬ ಇತ್ತು. ಈಗ ರಿಪೋರ್ಟ್ ಕೊಡುತ್ತೇನೆ.

ನಾವು ಯಾವಾಗಲೂ ಎರಡು ಪೇಜ್ ಮಾಡಿ, ಲಿಂಕ್ ತೆರೆದವರಲ್ಲಿ ಅರ್ಧ ಜನರಿಗೆ ಒಂದು, ಇನ್ನರ್ಧ ಜನರಿಗೆ ಮತ್ತೊಂದು ತೋರಿಸುತ್ತೇವೆ. ಯಾವುದು ಹೆಚ್ಚು ಕೆಲಸ ಮಾಡುತ್ತದೆಂದು ತಿಳಿಯಲು. ನಿಮ್ಮದನ್ನೂ ಹಾಗೇ ಮಾಡಿದೆ. ಎರಡನೇ ಪೇಜಿನಲ್ಲಿ ಫೋನ್ ಬಾಕ್ಸ್ ಇತ್ತು. ನಿಮಗೆ ಹೇಳಿರಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಎಂದುಕೊಂಡಿದ್ದೆ.

ಫೋನ್ ಬಾಕ್ಸ್ ಇಲ್ಲದ ಪೇಜಿನಿಂದ ಸೇರಿದವರು ಇಪ್ಪತ್ತಾರು. ಇದ್ದದ್ದರಿಂದ ಹನ್ನೊಂದು. ಈ ಹನ್ನೊಂದರ ಲಿಸ್ಟ್ ಬೇರೆ ಇದೆ, ನಿಮ್ಮ ಪತ್ರ ಅವರಿಗೆ ಹೋಗಿಲ್ಲ. ನಮ್ಮ ಆಫೀಸಿನಲ್ಲಿ ಫೋನ್ ಮಾಡುವ ಕೆಲಸದ ಕಿಶೋರ ಆ ಹನ್ನೊಂದೂ ಜನರಿಗೆ ಕರೆ ಮಾಡಿದ. ಅವನು ಕಾರ್ಕಳದ ಕಡೆಯವನು, ಕನ್ನಡ ಚೆನ್ನಾಗಿ ಬರುತ್ತದೆ. ಹನ್ನೊಂದೂ ಫೇಕ್ ಎಂದ.

“ಎಂತ ಮಾರಾಯ್ತಿ ನಿನ್ನ ಲಿಸ್ಟು! ಫೋನ್ ಎತ್ತುತ್ತಾರೆ, ಉಸಿರು ಕೇಳ್ತದೆ, ಮಾತೇ ಇಲ್ಲ. ಒಬ್ಬಳಂತೂ ಅರ್ಧ ನಿಮಿಷ ಹಾಗೇ ಇದ್ದಳು. ನಾನೇ ಕಟ್ ಮಾಡಿದೆ. ಉಗ್ಗುವವರಾದರೆ ಒಂದು ಅಕ್ಷರ ಆದ್ರೂ ಬರ್ಬೇಕಲ್ಲ? ಇದು ಟೈಮ್‌ಪಾಸ್ ಪಾರ್ಟಿ,” ಎಂದ.

ನನಗೂ ಹಾಗೇ ಅನಿಸುತ್ತದೆ. ಹನ್ನೊಂದೂ ನಂಬರ್ ಅಳಿಸಿಬಿಡಲೇ?

ಶೀತಲ


ಆಂಟಾಪ್ ಹಿಲ್
3 ಸೆಪ್ಟೆಂಬರ್ 2025

ಶೀತಲ ಅವರಿಗೆ,

ಒಬ್ಬರನ್ನೂ ಅಳಿಸಬೇಡಿ.

ಇದನ್ನು ಬರೆಯುವ ಮೊದಲು ಕಾಲನಿಯನ್ನು ಎರಡು ಸುತ್ತು ಹಾಕಿ ಬಂದೆ. ಸಿಟ್ಟಿನಲ್ಲಿ ಬರೆಯಬಾರದೆಂದು. ನನಗೆ ಹೇಳದೆ ಆ ಬಾಕ್ಸ್ ಇಟ್ಟದ್ದು ಸರಿಯಲ್ಲ. ಅಷ್ಟು ಹೇಳಿ ಆ ಮಾತು ಬಿಡುತ್ತೇನೆ. ಉಳಿದದ್ದರಲ್ಲಿ ನನ್ನ ತಪ್ಪೂ ಇದೆ.

ಉಗ್ಗು ಎಂದರೆ ಎಲ್ಲರೂ ಒಂದೇ ಅಕ್ಷರ ಹತ್ತು ಸಲ ಬರುವುದು ಎಂದುಕೊಂಡಿದ್ದಾರೆ. ನಗಿಸಲು ಅನುಕರಣೆ ಮಾಡುವವರು ಅದನ್ನೇ ಮಾಡಿ ತೋರಿಸುತ್ತಾರೆ. ಆದರೆ ಬಹಳ ಸಲ ಉಗ್ಗು ಎಂದರೆ ಮೌನ. ಹೇಳಬೇಕಾದ ಪದ ಸ್ಪಷ್ಟವಾಗಿ ಗೊತ್ತಿರುತ್ತದೆ, ಗಂಟಲು ಮುಚ್ಚಿಕೊಂಡಿರುತ್ತದೆ. ಎದುರಿಗಿದ್ದವರಿಗೆ ನಮ್ಮ ಮುಖವಾದರೂ ಕಾಣುತ್ತದೆ. ಫೋನಿನಲ್ಲಿ ಅದೂ ಇಲ್ಲ. ಆ ಕಡೆಯವರು ಹಲೋ ಹಲೋ ಎನ್ನುತ್ತಾರೆ, ಪ್ರತಿ ಹಲೋಗೂ ಗಂಟಲು ಇನ್ನಷ್ಟು ಬಿಗಿಯುತ್ತದೆ. ಫೋನ್ ಬಾಕ್ಸ್ ಕಂಡೊಡನೆ ಎಷ್ಟು ಜನ ಪುಟ ಮುಚ್ಚಿರಬೇಕೆಂದು ಯೋಚಿಸಿ. ಈ ಹನ್ನೊಂದು ಮಂದಿ ಮುಚ್ಚಲಿಲ್ಲ. ನಂಬರ್ ಬರೆದರು. ಕರೆ ಬಂದಾಗ ಎತ್ತಿದರು ಕೂಡ. ನಿಮ್ಮ ಕಿಶೋರ ಕೇಳಿದ ಉಸಿರು ಟೈಮ್‌ಪಾಸ್ ಅಲ್ಲ. ಅವರು ಮಾತಾಡುತ್ತಿದ್ದರು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ನೀವು ಕೇಳುವ ಮೊದಲೇ ಬರೆಯುತ್ತೇನೆ. ಆಗಸ್ಟ್ ಏಳರಂದು ನೀವು ಕರೆ ಮಾಡಿದಾಗ ಲ್ಯಾಬಿನಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. “ಭೀಮರಾಯ ಸರ್ ಮಾತಾಡೋದಾ?” ಎಂದು ನೀವು ಮೂರು ಸಲ ಕೇಳಿದಿರಿ. ಹೌದು ಎನ್ನಲು ಹೊರಟೆ. ಬರಲಿಲ್ಲ. ನಾನೇ ಕಟ್ ಮಾಡಿದೆ.

ನನಗೀಗ ನಲವತ್ತಮೂರು ವರ್ಷ. ಬಳಗ ನಡೆಸುವವನು ನಾನು, ಆದರೂ ನಿಮಗೆ ಬರೆಯುವಾಗ ‘ಅವರು ಉಗ್ಗುವವರು’ ಎಂದು ಬರೆದೆ. ‘ನಾವು’ ಎಂದು ಬರೆಯಲಾಗಲಿಲ್ಲ. ಅವ್ವ ತೀರಿಕೊಂಡ ದಿನ ನಮ್ಮೂರು ಇಂಡಿಯಲ್ಲಿದ್ದ ಅಣ್ಣನಿಗೆ ಬೂತಿನಿಂದ ಮೂರು ಸಲ ಫೋನ್ ಮಾಡಿದ್ದೆ. “ಯಾರಲೇ ಅದು, ಕೆಲಸ ಇಲ್ಲೇನು ನಿನಗ?” ಎಂದು ಬೈದು ಇಟ್ಟ. ಕೊನೆಗೆ ಪಕ್ಕದ ಮನೆಯವರು ಹೇಳಿದರು. ಅಣ್ಣ ಇವತ್ತಿಗೂ ಆ ಮಾತಿಗೆ ನೊಂದುಕೊಳ್ಳುತ್ತಾನೆ. ಅವನ ತಪ್ಪು ಏನೂ ಇರಲಿಲ್ಲ.

ಮೊದಲ ಪತ್ರದಲ್ಲೇ ಇದನ್ನೆಲ್ಲ ಬರೆದಿದ್ದರೆ ಈ ಹನ್ನೊಂದು ಕರೆ ಹೋಗುತ್ತಿರಲಿಲ್ಲ.

ಭೀಮರಾಯ


ಸಾಂತಾಕ್ರೂಜ್
9 ಸೆಪ್ಟೆಂಬರ್ 2025

ಭೀಮರಾಯ ಸರ್,

ಈ ಕಾಗದ ಅಮ್ಮ ತಿದ್ದಿಲ್ಲ. ತಪ್ಪಿದ್ದರೆ ಕ್ಷಮಿಸಿ. ಬೇರೆ ತಪ್ಪಿಗೂ ಕ್ಷಮಿಸಿ. ಅದು ದೊಡ್ಡದು.

ನಿಮ್ಮ ಕಾಗದ ಬಂದ ದಿನವೇ ಎರಡನೇ ಪೇಜ್ ಬಂದ್ ಮಾಡಿದೆ. ಸುಕೇಶ್ ಸರ್ ಹತ್ತಿರ ಹೋಗಿ ಯಾಕೆಂದು ಹೇಳಿದೆ. ನಿಮ್ಮ ಮನೆಯ ವಿಷಯ ಹೇಳಲಿಲ್ಲ, ಇಪ್ಪತ್ತಾರು, ಹನ್ನೊಂದು ಎಂಬ ಲೆಕ್ಕ ಮಾತ್ರ ತೋರಿಸಿದೆ. ಒಂದು ಬಾಕ್ಸ್ ಹೆಚ್ಚಾದರೆ ಅರ್ಧಕ್ಕಿಂತ ಹೆಚ್ಚು ಜನ ಹೋಗುತ್ತಾರೆ. ಅವರು ಸ್ಕ್ರೀನ್ ನೋಡಿ, “ಯೇ ತೋ ಮೇರೆ ಕೋ ಸೋಚ್‌ನಾ ಚಾಹಿಯೇ ಥಾ,” ಎಂದರು. ಅವರಿಗೇ ಮೊದಲು ಹೊಳೆಯಬೇಕಿತ್ತಂತೆ. ನಾನು ನನ್ನ ಬಗ್ಗೆಯೂ ಅದನ್ನೇ ಯೋಚಿಸುತ್ತಿದ್ದೇನೆ. ಪೇಜ್ ಮಾಡುವಾಗ ನೋಡುವವರು ಯಾರು ಎಂಬುದೇ ಮೊದಲ ಪ್ರಶ್ನೆ. ಅದನ್ನು ಎಲ್ಲರಿಗೂ ನಾನೇ ಹೇಳಿಕೊಡುತ್ತೇನೆ.

ಹೊಸ ಪೇಜ್ ಮಾಡಿದ್ದೇನೆ. ಮೇಲೆ ಖಾಲಿ ಬೆಂಚುಗಳ ಫೋಟೋ. ಹೆಡ್‌ಲೈನ್ ನಿಮ್ಮ ಗುರುವಾರದ ಪತ್ರದ್ದು: ‘ಇಲ್ಲಿ ನಿಮ್ಮ ಮಾತನ್ನು ಬೇರೆ ಯಾರೂ ಮುಗಿಸುವುದಿಲ್ಲ.’ ಒಂದೇ ಬಾಕ್ಸ್, ಇಮೇಲ್. ಹೆಸರೂ ಕೇಳುವುದಿಲ್ಲ. ಬಟನ್ ಕೆಳಗೆ ಸಣ್ಣ ಅಕ್ಷರದಲ್ಲಿ ‘ನಾವು ಫೋನ್ ಮಾಡುವುದಿಲ್ಲ.’

ನನ್ನ ಕಾಗದ ಚಿಕ್ಕದು ಎಂದು ಬರೆದಿದ್ದಿರಿ. ತೊಂದರೆ ಎಂದು ಅಲ್ಲ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಕನ್ನಡ ಶಾಲೆ. ಒಂದು ಸಾಲಿಗೆ ಹತ್ತು ನಿಮಿಷ ಆಗುತ್ತದೆ. ಇದಕ್ಕೆ ಎರಡು ಸಂಜೆ ಆಯಿತು. ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ನಾನು ಹಿಂದಿಯಲ್ಲಿ ಹೇಳುತ್ತೇನೆ. ಬೆಳಗಾವಿಯಲ್ಲಿ ಅಜ್ಜಿ ಮನೆಗೆ ಹೋದರೆ ಸುಮ್ಮನೆ ನಗುತ್ತ ಕೂತಿರುತ್ತೇನೆ. ನಾನು ಶಾಂತ ಸ್ವಭಾವದವಳು ಎಂದುಕೊಂಡಿದ್ದಾರೆ.

ಆ ಹನ್ನೊಂದು ಮಂದಿಗೆ ಏನು ಬರೆಯೋಣ? ನೀವು ಹೇಳಿದಂತೆ ಕಳಿಸುತ್ತೇನೆ. ಒಂದು ಅಕ್ಷರವೂ ಬದಲಿಸುವುದಿಲ್ಲ.

ಶೀತಲ


ಆಂಟಾಪ್ ಹಿಲ್
11 ಸೆಪ್ಟೆಂಬರ್ 2025

ಶೀತಲ,

‘ಅವರಿಗೆ’ ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ನಿಮ್ಮ ಎರಡು ಸಂಜೆಯ ಪತ್ರವನ್ನು ನಾನೂ ಎರಡು ಸಲ ಓದಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಪುಟ ಚೆನ್ನಾಗಿದೆ. ಆ ಬೆಂಚುಗಳನ್ನು ಎಲ್ಲಿ ಹುಡುಕಿದಿರೋ, ನಮ್ಮ ತರಗತಿಯವೇ ಅನಿಸಿತು.

ಹನ್ನೊಂದು ಮಂದಿಗೆ ಇದನ್ನು ಕಳಿಸಿ:

‘ಕೆಲವು ದಿನದ ಹಿಂದೆ ನಿಮಗೊಂದು ಫೋನ್ ಬಂತು. ಅದು ಬರಬಾರದಿತ್ತು. ನೀವು ಎತ್ತಿದಿರಿ, ಮಾತಾಡಲು ಹೊರಟಿದ್ದಿರಿ, ನಾವು ಕಾಯಲಿಲ್ಲ. ನನ್ನ ಹೆಸರು ಭೀಮರಾಯ. ನಾನೂ ಉಗ್ಗುತ್ತೇನೆ. ಇನ್ನು ಮುಂದೆ ಯಾರೂ ಫೋನ್ ಮಾಡುವುದಿಲ್ಲ. ನಿಮ್ಮ ನಂಬರ್ ಅಳಿಸಬೇಕೆಂದರೆ ತಿಳಿಸಿ, ಅಳಿಸುತ್ತೇವೆ. ಏನಾದರೂ ಬರೆಯಬೇಕೆನಿಸಿದರೆ ಬರೆಯಿರಿ, ಉತ್ತರಿಸುತ್ತೇನೆ.’

ಐದನೆಯ ವಾಕ್ಯವನ್ನು ನಾಲ್ಕು ಸಲ ಹೊಡೆದುಹಾಕಿ ಮತ್ತೆ ಬರೆದೆ. ಈಗ ಇರಲಿ.

ಭೀಮರಾಯ


ಸಾಂತಾಕ್ರೂಜ್
18 ಸೆಪ್ಟೆಂಬರ್ 2025

ಭೀಮರಾಯ ಸರ್,

ಏಳು ಮಂದಿ ಉತ್ತರ ಬರೆದಿದ್ದಾರೆ, ನಿಮಗೂ ಬಂದಿರಬೇಕು. ಇಬ್ಬರು ನಂಬರ್ ಅಳಿಸಿ ಎಂದರು, ಅಳಿಸಿದೆ.

ಧಾರಾವಿಯ ಮಾಧುರಿ ಎಂಬವಳು ನನಗೂ ಬೇರೆ ಬರೆದಿದ್ದಳು. ಚರ್ಮದ ಬ್ಯಾಗ್ ಹೊಲಿಯುವ ವರ್ಕ್‌ಶಾಪಿನಲ್ಲಿ ಕೆಲಸ. ಅವಳ ಮಾತು ಅವಳದೇ ರೀತಿಯಲ್ಲಿ ಹಾಕುತ್ತೇನೆ: ‘ಫೋನ್ ಬರಬಾರದಿತ್ತು ಅನಬ್ಯಾಡ್ರಿ. ಗೊತ್ತಿಲ್ಲದ ನಂಬರ್ ನಾ ಎಂದೂ ಎತ್ತೂದಿಲ್ಲ. ಅವತ್ತು ಎತ್ತೇನಿ. ಆ ಅಣ್ಣ ಇನ್ನೊಮ್ಮೆ ಮಾಡಲಿ. ಈ ಸಲ ಅವರು ಕಟ್ ಮಾಡಬಾರದು, ಅಷ್ಟ.’

ಕಿಶೋರನಿಗೆ ತೋರಿಸಿದೆ. ಅರ್ಧ ನಿಮಿಷ ಇದ್ದವಳು ಇವಳೇ. ಅವನು ಹೆದರಿದ. “ನಾನೆಂತ ಮಾತಾಡುದು ಅವಳತ್ರ?” ಎಂದ.

“ನೀನು ಮಾತಾಡಬೇಡ,” ಎಂದೆ.

ನಿನ್ನೆ ಊಟದ ಹೊತ್ತಿನಲ್ಲಿ ಮಾಡಿದ. ನಾನು ಪಕ್ಕದಲ್ಲಿ ಕೂತಿದ್ದೆ. ಒಂದು ಸಲ ಹಲೋ, ತನ್ನ ಹೆಸರು, “ನಾನು ಇದ್ದೇನೆ” ಎಂದು ಹೇಳಿ ಸುಮ್ಮನಾದ. ಸ್ಪೀಕರ್ ಹಾಕಿರಲಿಲ್ಲ. ನನಗೆ ಕಂಡದ್ದು ಅವನ ಮುಖ ಮಾತ್ರ. ಅವನ ಡಬ್ಬಿ ತೆರೆದಿತ್ತು, ಮುಟ್ಟಲಿಲ್ಲ. ಒಮ್ಮೆ ಬಾಯಿ ತೆರೆದ, ಏನೋ ಹೇಳಿ ಸಹಾಯ ಮಾಡಬೇಕು ಎನ್ನುವ ಹಾಗೆ. ಆಮೇಲೆ ತಾನೇ ತುಟಿ ಮುಚ್ಚಿಕೊಂಡ. ನಾಲ್ಕು ನಿಮಿಷ ಆದ ಮೇಲೆ ತಲೆ ಆಡಿಸಿದ. ಮತ್ತೆ ಆಡಿಸಿದ. ಎಲ್ಲ ಸೇರಿ ಏಳು ನಿಮಿಷ. ಇಟ್ಟ ಮೇಲೆ ಒಂದು ಬಾಟಲಿ ನೀರು ಕುಡಿದ.

“ಹಿಂದೆ ಮಷೀನ್ ಓಡ್ತಾ ಇತ್ತು. ಅವಳು ಹೆಸರು ಹೇಳಿದಳು. ಭಾನುವಾರ ಬರ್ತಾಳಂತೆ, ಕುರ್ಲಾ ಬಸ್ಸು ಸಿಗ್ತದಾ ಕೇಳಿದಳು,” ಎಂದ. ಡಬ್ಬಿ ಹತ್ತಿರ ಎಳೆದುಕೊಂಡು, “ದಿವಸಕ್ಕೆ ನೂರೈವತ್ತು ಕಾಲ್ ಮಾಡ್ತೇನೆ ಶೀತಲ. ಇವತ್ತು ಒಂದು ಮಾಡಿದೆ,” ಎಂದ.

ಯಾವ ಬಸ್ಸು ಎಂದು ಅವಳಿಗೆ ನೀವು ಬರೆಯುತ್ತೀರಾ? ನಮಗಿಬ್ಬರಿಗೂ ಆ ಕಡೆ ಗೊತ್ತಿಲ್ಲ.

ಶೀತಲ


ಆಂಟಾಪ್ ಹಿಲ್
22 ಸೆಪ್ಟೆಂಬರ್ 2025

ಶೀತಲ,

ನಿನ್ನೆ ಒಟ್ಟು ಎಂಟು ಮಂದಿ. ಹೊಸಬರು ಐವರು. ಅವರಲ್ಲಿ ಮೂವರು ಆ ಹನ್ನೊಂದರವರು, ಇಬ್ಬರು ಹೊಸ ಪುಟದಿಂದ ಬಂದವರು. ಹತ್ತು ಗಂಟೆಗೆ ಕೀಲಿ ತೆಗೆಯಲು ಹೋದರೆ ಬಾಗಿಲ ಹೊರಗೆ ಆಗಲೇ ನಾಲ್ವರು ನಿಂತಿದ್ದರು. ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಆದರೂ ತಾವು ಬಂದದ್ದು ಸರಿಯಾದ ಜಾಗಕ್ಕೇ ಎಂದು ಎಲ್ಲರಿಗೂ ಗೊತ್ತಿತ್ತು.

ಮೊದಲು ನಾನೇ ಮಾತಾಡಬೇಕು. ಮೂರು ವರ್ಷದಿಂದ ಪ್ರತಿ ಭಾನುವಾರ ಮಾತಾಡಿದ್ದೇನೆ. ನಿನ್ನೆ ಹೊಸ ಮುಖಗಳನ್ನು ನೋಡಿ ನನ್ನ ಹೆಸರಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಬಹಳ ಹೊತ್ತು. ಮೊದಲಾಗಿದ್ದರೆ ನಾಚಿಕೆಯಾಗುತ್ತಿತ್ತು. ನಿನ್ನೆ ನೋಡಿದರೆ, ಅದನ್ನು ಕಂಡು ಎದುರಿಗಿದ್ದವರ ಭುಜಗಳು ಸಡಿಲವಾಗುತ್ತಿದ್ದವು. ನಾನು ಮಾಡಬಹುದಾಗಿದ್ದ ಯಾವ ಒಳ್ಳೆಯ ಭಾಷಣದಿಂದಲೂ ಅದು ಆಗುತ್ತಿರಲಿಲ್ಲ.

ಕೀಲಿ ಮರಳಿಸುವ ಯೋಚನೆ ಬಿಟ್ಟಿದ್ದೇನೆ. ಇನ್ನೂ ನಾಲ್ಕು ಬೆಂಚು ಒರೆಸಿ ಇಡಬೇಕು.

ನಾವು ಹೊರಗಿನವರನ್ನು ಕರೆಯುವುದಿಲ್ಲ. ನಿಮ್ಮನ್ನು ಕರೆಯುತ್ತಿದ್ದೇನೆ. ಈ ಭಾನುವಾರ ಬಿಡುವಿದ್ದರೆ ಬನ್ನಿ.

ಭೀಮರಾಯ


ಸಾಂತಾಕ್ರೂಜ್
29 ಸೆಪ್ಟೆಂಬರ್ 2025

ಭೀಮರಾಯ ಸರ್,

ನಿನ್ನೆ ನಿಮ್ಮ ದನಿ ಮೊದಲ ಸಲ ಕೇಳಿದೆ. ಕಾಗದ ಓದುವಾಗ ನಾನು ಅಂದುಕೊಂಡಿದ್ದಕ್ಕಿಂತ ತೆಳ್ಳಗಿದೆ. ಚೆನ್ನಾಗಿದೆ.

ತಡವಾಗಿ ಬಂದದ್ದಕ್ಕೆ ಕಾರಣ ಅಲ್ಲಿಯೇ ಹೇಳಿದೆ. ಆದರೆ ಹೇಳುವಾಗ ನನಗೆ ಏನಾಯಿತೆಂದು ಹೇಳಲಿಲ್ಲ, ಅದನ್ನು ಬರೆಯುತ್ತೇನೆ. ವಡಾಳಾದಲ್ಲಿ ಇಳಿದರೆ ಮುಂದೆ ಲೋಕಲ್ ಟ್ರೇನ್ ಇರಲಿಲ್ಲ, ಟ್ಯಾಕ್ಸಿಯವರು ಬರಲು ಒಪ್ಪಲಿಲ್ಲ. ಬಾಗಿಲಲ್ಲಿ ನಿಂತಾಗ ಎಲ್ಲರೂ ನನ್ನನ್ನೇ ನೋಡಿದಿರಿ. ನಾನು ಕನ್ನಡದಲ್ಲೇ ಹೇಳಬೇಕೆಂದು ಟ್ರೇನಿನಲ್ಲಿ ನಿರ್ಧಾರ ಮಾಡಿದ್ದೆ. “ನಾನು ವಡಾಳಾದಿಂದ...” ಎಂದೆ. ಮುಂದಿನ ಪದ ಇಲ್ಲ. ಪೈದಲ್ ಎನ್ನುವ ಹಿಂದಿ ಪದ ನಾಲಿಗೆಯ ಮೇಲೆಯೇ ಕೂತಿತ್ತು. ಅದನ್ನು ತಳ್ಳಿದರೆ ಮರಾಠಿಯದು ಬಂತು. ಕನ್ನಡದ್ದು ಮಾತ್ರ ಇಲ್ಲ.

ಮನೆಯಲ್ಲಾದರೆ ಅಮ್ಮ ತಕ್ಷಣ ಕೊಟ್ಟುಬಿಡುತ್ತಾಳೆ. ಅಜ್ಜಿಯ ಮನೆಯಲ್ಲಿ ಯಾರಾದರೂ ನಗುತ್ತಾರೆ, ನಾನೂ ನಗುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಿನ್ನೆ ನೀವು ಒಂಬತ್ತು ಮಂದಿ ಇದ್ದಿರಿ, ಎಲ್ಲರಿಗೂ ಆ ಪದ ಗೊತ್ತಿತ್ತು. ಯಾರೂ ಕೊಡಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಅಳು ಬರುವ ಹಾಗಾಯಿತು. ಮಾಧುರಿ ಕೈಯಲ್ಲಿದ್ದ ದಾರದ ತುಂಡನ್ನು ಬೆರಳಿಗೆ ಸುತ್ತುತ್ತ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೂ ಅವಸರ ಇರಲಿಲ್ಲ. ಅವಳು ಬೇಕಾದರೆ ಮಧ್ಯಾಹ್ನದವರೆಗೂ ಕಾಯುತ್ತಾಳೆ ಅನಿಸಿತು. ಆಗ ನನಗೂ ಅವಸರ ಹೋಯಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

“ನಡಕೋತ,” ಎಂದೆ. “ವಡಾಳಾದಿಂದ ನಡಕೋತ ಬಂದೆ.”

ಖಂಡಪ್ಪನವರು ಬೆಂಚಿನಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು.

ಶೀತಲ